ಘಾಲಾದಲ್ಲಿ ಹತ್ತು, ಊರಲ್ಲಿ ಹನ್ನೊಂದೂವರೆ

ಮಸ್ಕತ್‌ನ ಘಾಲಾ. ಗ್ಯಾರೇಜು, ಗೋದಾಮು, ವರ್ಕ್‌ಶಾಪುಗಳ ಸಾಲು. ನಮ್ಮ ಕರಾವಳಿಯಿಂದ ದುಡಿಯಲು ಮಸ್ಕತ್‌ಗೆ ಬಂದವರು ಬಹಳ. ಓವರ್‌ಟೈಮ್ ಮುಗಿಸಿ ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಊರಲ್ಲಿ ಆಗಲೇ ಹನ್ನೊಂದೂವರೆ, ಮಕ್ಕಳು ಮಲಗಿರುತ್ತಾರೆ. "ಹೇಗಿದ್ದೀರಿ?" ಅಂದರೆ ಉತ್ತರ ಒಂದೇ: "ಆರಾಮ."

ದೇಹದ ಲೆಕ್ಕ ಬೇರೆ. ಒತ್ತಡ ಬಂದಾಗ ಕಾರ್ಟಿಸಾಲ್ ಹಾರ್ಮೋನು ಏರುತ್ತದೆ. ತುರ್ತಿಗೆ ಅದು ಬೇಕು. ಬೆಳಿಗ್ಗೆ ಹೆಚ್ಚಿರುವ ಅದು ರಾತ್ರಿ ಇಳಿಯಬೇಕು. ಒತ್ತಡ ತಿಂಗಳುಗಟ್ಟಲೆ ಮುಂದುವರಿದರೆ ಈ ಲಯ ತಪ್ಪಬಹುದು. ನಿದ್ದೆ ಕೆಡುತ್ತದೆ, ರಕ್ತದೊತ್ತಡ ಏರುತ್ತದೆ, ಮೊದಲು ನಕ್ಕು ಬಿಡುತ್ತಿದ್ದ ಮಾತಿಗೂ ಈಗ ಸಿಡುಕು. ದೇಹದ ಈ ಸವೆತಕ್ಕೆ 1993ರಲ್ಲಿ ವಿಜ್ಞಾನಿಗಳಾದ ಮೆಕ್‌ಯುವನ್ ಮತ್ತು ಸ್ಟೆಲ್ಲರ್ 'ಅಲೊಸ್ಟಾಟಿಕ್ ಲೋಡ್' ಎಂದು ಹೆಸರಿಟ್ಟರು.

ತಾಳಿಕೊಳ್ಳುವ ಶಕ್ತಿ ಮತ್ತೆ ತುಂಬಿಕೊಳ್ಳಲು ಬಿಡುವು ಬೇಕು. ಬಿಡುವೇ ಕೊಡದೆ "ಗಟ್ಟಿಯಾಗಿರು" ಅನ್ನುವುದು ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಬರುವ ತೀವ್ರ ಬಳಲಿಕೆಯನ್ನು, ಕೆಲಸದ ಜಾಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದೇ ಗುರುತಿಸಿತು. ತಪ್ಪನ್ನು ಬರೀ ಕೆಲಸಗಾರನ ಮನಸ್ಸಿನಲ್ಲಿ ಹುಡುಕಬೇಡಿ.

ಬಿಡುವಿಗೆ ಕಾನೂನಿನ ಬಲವೂ ಇದೆ. ಒಮಾನಿನ 2023ರ ಕಾರ್ಮಿಕ ಕಾನೂನು ದಿನಕ್ಕೆ 8, ವಾರಕ್ಕೆ 40 ಗಂಟೆಯ ಮಿತಿ ಹಾಕಿದೆ. ಓವರ್‌ಟೈಮ್‌ಗೆ ಹೆಚ್ಚುವರಿ ಸಂಬಳ ಕೊಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12:30ರಿಂದ 3:30ರವರೆಗೆ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಇವೆಲ್ಲ ನಿಮ್ಮ ಹಕ್ಕು, ತಿಳಿದಿರಲಿ.

ವಾರಗಟ್ಟಲೆ ನಿದ್ದೆ ಬರದಿದ್ದರೆ ಡಾಕ್ಟರನ್ನು ನೋಡಿ. ರೂಮಿನ ಗೆಳೆಯ ಮಾತು ಕಡಿಮೆ ಮಾಡಿದ್ದರೆ ಈ ಶುಕ್ರವಾರ ಜೊತೆಗೆ ಕೂತು ಊಟ ಮಾಡಿ, ಕೇಳಿ. ಮನೆಗೆ ಫೋನ್ ಮಾಡಿದಾಗ ಒಮ್ಮೆಯಾದರೂ ನಿಜ ಹೇಳಿ: "ಇವತ್ತು ತುಂಬಾ ಸುಸ್ತಾಗಿದೆ."