ಕಲ್ಲೊಡೆಯುವ ಕೈಗೆ ಮರಳಿ ಬಲ

ಶಹಾಬಾದಿನ ಫರಸಿಕಲ್ಲನ್ನು ತುಳಿಯದ ಕನ್ನಡಿಗರು ವಿರಳ. ಆದರೆ ಆ ಕಲ್ಲನ್ನು ನೆಲದೊಡಲಿನಿಂದ ಪದರು ಪದರಾಗಿ ಎಬ್ಬಿಸಿದ ಕೈಗಳನ್ನು ನೆನೆಯುವವರು ಎಷ್ಟು ಮಂದಿ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಕಲಬುರಗಿ ಜಿಲ್ಲೆಯ ಈ ಊರುಗಳದು ಸುಣ್ಣಕಲ್ಲಿನ ಸೀಮೆ. ಗಣಿ, ಕಲ್ಲು ಕೊಯ್ಯುವ ಯಂತ್ರ, ಸಿಮೆಂಟ್ ಕಾರ್ಖಾನೆಗಳೇ ಅಲ್ಲಿ ಅನೇಕರಿಗೆ ಅನ್ನದಾತರು. ಚಪ್ಪಡಿ ಜಾರಿದರೆ ಬೆರಳು ಜಜ್ಜುತ್ತದೆ. ಭಾರ ಹೊತ್ತವನು ಹೆಜ್ಜೆ ತಪ್ಪಿ ಬಿದ್ದರೆ ಹೆಗಲ ಕೀಲು ಕಳಚುತ್ತದೆ.

ಕಾನೂನು ಬೆರಳುಗಳಿಗೂ ಬೆಲೆ ಕಟ್ಟಿದೆ. 1923ರಲ್ಲಿ ಹುಟ್ಟಿ, ಮುಂದೆ ತಿದ್ದುಪಡಿಗೊಂಡ ಕಾರ್ಮಿಕ ಪರಿಹಾರ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30 ಪಾಲು ನಷ್ಟವೆಂದಿತ್ತು; ತೋರುಬೆರಳಿಗೆ 14, ಕಿರುಬೆರಳಿಗೆ 7. ಆದರೆ ಸುತ್ತಿಗೆಯ ಹಿಡಿತ ಕಳೆದುಕೊಂಡವನ ಮನೆಯ ಒಲೆ ಈ ಲೆಕ್ಕವನ್ನು ಬಲ್ಲುದೆ?

ಬೆರಳಿನ ಬಿಕ್ಕಟ್ಟು

ಬೆರಳನ್ನು ಮಡಿಸುವ ಎರಡು ಸ್ನಾಯುರಜ್ಜುಗಳು ಇಕ್ಕಟ್ಟಾದ ಒಂದೇ ಸುರಂಗದಲ್ಲಿ ಓಡಾಡುತ್ತವೆ. ಅಲ್ಲಿ ಕತ್ತರಿಸಿದ ರಜ್ಜುವನ್ನು ಹೊಲಿದರೆ ಅದು ಸುತ್ತಲಿನ ಗೋಡೆಗೆ ಅಂಟಿಕೊಂಡು ಬೆರಳು ಸೆಟೆಯುತ್ತಿತ್ತು. ಅಮೆರಿಕದ ಸ್ಟರ್ಲಿಂಗ್ ಬನೆಲ್ ಆ ಭಾಗವನ್ನು ಯಾರೂ ಕಾಲಿಡಬಾರದ ಸೀಮೆಯೆಂದೇ ಬಗೆದಿದ್ದರು. 1960ರ ದಶಕದಲ್ಲಿ ಹೆರಾಲ್ಡ್ ಕ್ಲೈನರ್ಟ್ ಮತ್ತು ಅವರ ಸಂಗಡಿಗರು ಗಾಯವಾದೊಡನೆ ಹೊಲಿದು, ಕಾವಲಿನಲ್ಲಿಯೇ ಬೆರಳನ್ನು ಆಡಿಸತೊಡಗಿ ಆ ಭಯವನ್ನು ಹಿಂಗಿಸಿದರು. ಅದೇ ದಶಕದ 1965ರಲ್ಲಿ ಜಪಾನಿನ ಕೊಮತ್ಸು ಮತ್ತು ತಮಾಯ್ ಪೂರ್ಣವಾಗಿ ತುಂಡಾದ ಹೆಬ್ಬೆರಳನ್ನೇ ಮರಳಿ ಜೋಡಿಸಿದರು.

ತುಂಡಾದ ಬೆರಳನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಒಯ್ಯಬೇಕು. ಬೆರಳು ಮಂಜನ್ನು ನೇರವಾಗಿ ಮುಟ್ಟಬಾರದು. ಆದರೆ ಹರಿತವಾದ ಅಲಗಿನಿಂದ ಕೊಯ್ದ ಬೆರಳು ಕೂಡುವಷ್ಟು ಸುಲಭವಾಗಿ ಕಲ್ಲಿನಡಿ ಜಜ್ಜಿದ ಬೆರಳು ಕೂಡದು. ಗಣಿಯ ಕೈಗೆ ಇದೇ ದೊಡ್ಡ ವಿಪತ್ತು.

ಹೆಗಲಿನ ಕಥೆ

ಹೆಗಲ ಕೀಲು ತಟ್ಟೆಯ ಮೇಲಿಟ್ಟ ಚೆಂಡಿನಂತೆ: ಎತ್ತ ಬೇಕಾದರೂ ತಿರುಗುತ್ತದೆ, ಅಂತೆಯೇ ಸುಲಭವಾಗಿ ಜಾರುತ್ತದೆ. ಹರೆಯದಲ್ಲಿ ಒಮ್ಮೆ ಕಳಚಿದ ಹೆಗಲು ಮತ್ತೆ ಮತ್ತೆ ಕಳಚುವುದುಂಟು. ತಟ್ಟೆಯ ಅಂಚು ಹರಿಯುವುದೇ ಅದಕ್ಕೆ ಕಾರಣವೆಂದು ಬ್ಲಂಡೆಲ್ ಬ್ಯಾಂಕಾರ್ಟ್ 1923ರಲ್ಲಿ ತೋರಿಸಿದರು. ಆ ಅಂಚನ್ನು ಎಲುಬಿಗೆ ಮರಳಿ ಕೂಡಿಸಿದಾಗ ಹೆಚ್ಚಿನವರ ಹೆಗಲು ಭದ್ರವಾಗುತ್ತದೆ. ನಡುವಯಸ್ಸು ದಾಟಿದವರಲ್ಲಿ ಮಾತ್ರ ಕೀಲನ್ನು ಸುತ್ತುವರಿದ ರಜ್ಜುಗಳೇ ಹರಿಯುವ ಭಯ ಹೆಚ್ಚು. ಎಣ್ಣೆ ತಿಕ್ಕಿ ವರ್ಷಗಟ್ಟಲೆ ಕಾದರೆ ಸ್ನಾಯು ಸೊರಗಿ ಕೊಬ್ಬಾಗುತ್ತದೆ. ಆಮೇಲೆ ಹೊಲಿಗೆಯೂ ನಿಲ್ಲುವುದು ಕಷ್ಟ.

ಕತ್ತಿಯ ಕೆಲಸ ಅರ್ಧ ಮಾತ್ರ. ಹೊಲಿದ ರಜ್ಜು ಮೊದಲ ಕೆಲವು ವಾರ ಬಲು ದುರ್ಬಲ. ಭಾರದ ಕೆಲಸಕ್ಕೆ ಬೆರಳಿಗೆ ಸುಮಾರು ಮೂರು ತಿಂಗಳು, ಹೆಗಲಿಗೆ ಅದಕ್ಕೂ ಹೆಚ್ಚು ಕಾಲ ಬೇಕು. ಅಷ್ಟು ಕಾಲ ವೈದ್ಯರು ಹೇಳಿದ ಮಿತಿಯಲ್ಲಿ ದಿನವೂ ಕೀಲನ್ನು ಆಡಿಸುತ್ತಿರಬೇಕು. ಆಡಿಸದಿದ್ದರೆ ಅದು ಬಿಗಿಯುತ್ತದೆ. ಅತಿಯಾಗಿ ಆಡಿಸಿದರೆ ಹೊಲಿಗೆ ಹರಿಯುತ್ತದೆ.

ದಿನಗೂಲಿಯವನ ಪರೀಕ್ಷೆ ಇಲ್ಲಿಯೇ. ಕೂಲಿ ತಪ್ಪಿದರೆ ಮನೆ ಉಪವಾಸ. ಬೇಗ ಹಾರೆ ಹಿಡಿದರೆ ಕೈ ಉಪವಾಸ. ಶಸ್ತ್ರವೈದ್ಯನ ಸೂಜಿ ಎಷ್ಟೇ ಸೂಕ್ಷ್ಮವಾಗಿರಲಿ, ಗಾಯಾಳುವಿಗೆ ಆ ಕೆಲವು ತಿಂಗಳ ಅನ್ನವನ್ನು ಒದಗಿಸದೆ ಅದರ ಫಲವನ್ನು ಎಣಿಸುವುದು ವ್ಯರ್ಥ. ನಮ್ಮ ಅಂಗಳಕ್ಕೆ ಹಾಸುಗಲ್ಲನ್ನಿತ್ತ ಕೈಗೆ ಅಷ್ಟು ವಿಶ್ರಾಂತಿಯೂ ದೊರೆಯಬಾರದೆ?