ಸಕಲವಾರದಿಂದ ಭೋಪಾಲಕ್ಕೆ: ನಿಮ್ಹಾನ್ಸ್ ಕಲಿಸಿದ ಆರೈಕೆ

ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ಸೆವಿನ್ ಎಂಬ ಕೀಟನಾಶಕ. ಹತ್ತಿ ಮುಂತಾದ ಬೆಳೆಗಳಿಗೆ ಹುಳ ಬಿದ್ದಾಗ ರೈತರು ಹೊಡೆಯುವ ಔಷಧಿ ಅದು. ಹಸಿರು ಕ್ರಾಂತಿಯ ದಿನಗಳಲ್ಲಿ ಇದಕ್ಕೆ ಭಾರಿ ಬೇಡಿಕೆ ಬರುತ್ತದೆಂದು ಲೆಕ್ಕ ಹಾಕಿ ಕಾರ್ಖಾನೆ ಕಟ್ಟಿದ್ದರು. ಬರ ಬಂತು, ರೈತರ ಕೈ ಬರಿದಾಯಿತು, ಮಾರಾಟ ಕುಸಿಯಿತು. ಕಂಪನಿ ಖರ್ಚು ತಗ್ಗಿಸಲು ಹೊರಟಾಗ ಸುರಕ್ಷತೆಯೇ ಸೊರಗಿತು. ಸೆವಿನ್ ತಯಾರಿಕೆಗೆ ಬಳಸುತ್ತಿದ್ದ ಮೀಥೈಲ್ ಐಸೊಸೈನೇಟ್ ಎಂಬ ರಾಸಾಯನಿಕ ತುಂಬಿದ್ದ ಟ್ಯಾಂಕನ್ನು ತಂಪಾಗಿಡಬೇಕಿದ್ದ ಘಟಕವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಿಬಿಟ್ಟಿದ್ದರು. 1984ರ ಡಿಸೆಂಬರ್ 2ರ ರಾತ್ರಿ ಆ ಟ್ಯಾಂಕಿಗೆ ನೀರು ಸೇರಿತು. ಸುಮಾರು 40 ಟನ್ ವಿಷಾನಿಲ ನಿದ್ದೆಯಲ್ಲಿದ್ದ ಊರಿನ ಮೇಲೆ ಹರಡಿತು. ಐದು ಲಕ್ಷಕ್ಕೂ ಹೆಚ್ಚು ಜನ ಅದನ್ನು ಉಸಿರಾಡಿದರು.

ಸುಟ್ಟ ಕಣ್ಣು, ಕೆಟ್ಟ ಶ್ವಾಸಕೋಶಗಳ ಬಗ್ಗೆ ಇಷ್ಟು ವರ್ಷಗಳಲ್ಲಿ ಬೇಕಾದಷ್ಟು ಬರೆದದ್ದಾಗಿದೆ. ಅದೇ ರಾತ್ರಿ ಹುಟ್ಟಿದ ಇನ್ನೊಂದು ಬಗೆಯ ಗಾಯದ ಮಾತು ಕಡಿಮೆ. ಕತ್ತಲಲ್ಲಿ ಓಡುವಾಗ ಮಗುವಿನ ಕೈ ಬಿಟ್ಟುಹೋದ ತಾಯಿ, ಮನೆಮಂದಿಯೆಲ್ಲ ಸತ್ತು ತಾನೊಬ್ಬನೇ ಉಳಿದ ಹುಡುಗ, ಹೊರಗೆ ಯಾರಾದರೂ ಕೂಗಿದರೂ ಬೆಚ್ಚಿ ಬಾಗಿಲು ಹಾಕಿಕೊಳ್ಳುವ ಮುದುಕ. ಇಂಥವರಿಗೆ ಯಾವ ಔಷಧ ಕೊಡಬೇಕು, ಯಾರು ಕೊಡಬೇಕು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಮೊದಲ ಸಲ ಕ್ರಮವಾದ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮುಖ್ಯರು. ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಎಂಬ ಉದ್ದದ ಹೆಸರಿನ ಈ ಸಂಸ್ಥೆ ಮಾಡಿರುವ ಕೆಲಸಗಳು ಹಲವು. ನನ್ನ ಮಟ್ಟಿಗೆ ಅವುಗಳಲ್ಲಿ ಅತ್ಯಂತ ಹೆಮ್ಮೆಯದು ಇದು. ಕನ್ನಡಿಗರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ.

ಭೋಪಾಲದಲ್ಲಿ ಆಗ ಇದ್ದ ಪರಿಸ್ಥಿತಿ ಕಷ್ಟದ್ದು. ಇಡೀ ಮಧ್ಯಪ್ರದೇಶದಲ್ಲೇ ಮನೋವೈದ್ಯರು ವಿರಳ. ಅನಿಲಪೀಡಿತರ ಬಡಾವಣೆಗಳಲ್ಲಿ ತೆರೆದ ಚಿಕಿತ್ಸಾಲಯಗಳಿಗೆ ಜನ ಸಾಲುಗಟ್ಟಿ ಬರುತ್ತಿದ್ದರು. ಉಸಿರು ಕಟ್ಟುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಿದ್ದರು. ಪರೀಕ್ಷೆಯಲ್ಲಿ ಏನೂ ಕಾಣದಿದ್ದಾಗ ಕೆಲವರು ಇದನ್ನು ಪರಿಹಾರದ ಹಣಕ್ಕಾಗಿ ಹೂಡಿದ ನಾಟಕ ಎಂದರು. ಸಂಕಟದಲ್ಲಿರುವವರಿಗೆ ಇದಕ್ಕಿಂತ ಕ್ರೂರವಾದ ಮಾತು ಇನ್ನೊಂದಿಲ್ಲ. ಆ ಮಾತು ತಪ್ಪೆಂದು ತೋರಿಸಲು ಸಂಶೋಧನೆಯೇ ಬೇಕಾಯಿತು. 1985ರ ಆರಂಭದಲ್ಲಿ ಲಖನೌದ ಕಿಂಗ್ ಜಾರ್ಜ್ ವೈದ್ಯಕೀಯ ಕಾಲೇಜಿನ ಮನೋವೈದ್ಯರ ತಂಡ ಈ ಚಿಕಿತ್ಸಾಲಯಗಳಿಗೆ ಬಂದ 855 ಮಂದಿಯನ್ನು ಪರಿಶೀಲಿಸಿತು. ಅವರಲ್ಲಿ 193 ಮಂದಿಗೆ, ಎಂದರೆ ಶೇ 22.6ರಷ್ಟು ಜನರಿಗೆ, ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆ ಇತ್ತು. ಖಿನ್ನತೆ ಮತ್ತು ಆತಂಕ ಮುಂದಿದ್ದವು. ಹೆಚ್ಚಿನವರು 45 ವರ್ಷದೊಳಗಿನ ಹೆಂಗಸರು. ಅನಿಲದ ಹೊಡೆತ ಜೋರಾಗಿದ್ದ ಬಡಾವಣೆಗಳಲ್ಲಿ ಮನಸ್ಸಿನ ಕಾಯಿಲೆಯೂ ಹೆಚ್ಚು ಎಂಬುದು ಮುಂದಿನ ಅಧ್ಯಯನಗಳಲ್ಲಿ ಕಂಡಿತು.

ಕಾಯಿಲೆ ಇದೆ ಎಂದು ಗೊತ್ತಾದರೆ ಸಾಲದಲ್ಲ. ಸಾವಿರಾರು ಜನರಿಗೆ ಚಿಕಿತ್ಸೆ ಕೊಡುವಷ್ಟು ಮನೋವೈದ್ಯರು ಇಲ್ಲದ ಊರಿನಲ್ಲಿ ಮಾಡುವುದೇನು? ಇಲ್ಲಿ ನೆರವಿಗೆ ಬಂದದ್ದು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಆಚೆಗಿರುವ ಸಕಲವಾರ ಎಂಬ ಹಳ್ಳಿ.

ನಿಮ್ಹಾನ್ಸ್‌ನ ಬೇರು 1847ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಮೈಸೂರು ಸಂಸ್ಥಾನ ಅದನ್ನು ಮಾನಸಿಕ ಆಸ್ಪತ್ರೆ ಎಂದು ಕರೆಯಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಜೊತೆಗೆ ಬಂತು. 1974ರ ಕೊನೆಗೆ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಆ ಬಳಿಕ ಸಂಸ್ಥೆ ಆಸ್ಪತ್ರೆಯ ಗೋಡೆ ದಾಟಿ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆಯಿತು. ಈ ಕೆಲಸದ ಹಿಂದೆ ಡಾ. ಆರ್. ಎಲ್. ಕಪೂರ್ ಅವರ ಪ್ರೇರಣೆ ಇತ್ತು. ಕರಾವಳಿಯ ಕೋಟದಲ್ಲಿ ಮನೆಮನೆಗೆ ಹೋಗಿ, ಹಳ್ಳಿಯ ಜನ ಮನಸ್ಸಿನ ಕಾಯಿಲೆಯನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ, ಯಾರ ಬಳಿ ಹೋಗುತ್ತಾರೆ ಎಂದು ಮನೋವೈದ್ಯ ಮಾರಿಸ್ ಕಾರ್‌ಸ್ಟೇರ್ಸ್ ಜೊತೆ ಅಧ್ಯಯನ ಮಾಡಿದವರು ಅವರು. ಹಳ್ಳಿಯವರು ಬೆಂಗಳೂರಿನ ಆಸ್ಪತ್ರೆಗೆ ಬರಲಿ ಎಂದು ಕಾಯುತ್ತ ಕೂತರೆ ಬರುವುದು ಕೈಮೀರಿದ ಮೇಲೆಯೇ ಎಂಬುದು ಇವರಿಗೆಲ್ಲ ಮನದಟ್ಟಾಗಿತ್ತು.

ಸಕಲವಾರದಲ್ಲಿ ನಡೆದದ್ದು ಕೇಳಲು ಸರಳವಾದ ಪ್ರಯೋಗ. ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಬಿಬಿಎಸ್ ವೈದ್ಯರಿಗೆ, ದಾದಿಯರಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ಕೆಲವೇ ದಿನಗಳ ತರಬೇತಿ ಕೊಡುವುದು. ತೀವ್ರ ಮಾನಸಿಕ ಕಾಯಿಲೆ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯತೆ ಇವಿಷ್ಟನ್ನು ಗುರುತಿಸಲು ಕಲಿಸುವುದು. ಬೆರಳೆಣಿಕೆಯ ಔಷಧಗಳನ್ನು ಸರಿಯಾಗಿ ಬಳಸುವುದನ್ನು, ಮನೆಯವರೊಂದಿಗೆ ಮಾತಾಡುವುದನ್ನು, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂಬುದನ್ನು ಹೇಳಿಕೊಡುವುದು. ವಿಶೇಷ ತಜ್ಞರ ವಿದ್ಯೆಯನ್ನು ಹೀಗೆ ಊರಿನ ಡಾಕ್ಟರ ಕೈಗೆ ಕೊಡಬಹುದೇ ಎಂಬ ಅನುಮಾನ ವೈದ್ಯಲೋಕದಲ್ಲಿ ಇತ್ತು. ಕೊಡಬಹುದು ಎಂದು ಸಕಲವಾರ ತೋರಿಸಿತು. 1982ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೇ ವಿಚಾರದ ಮೇಲೆ ನಿಂತಿತು. ಎಂಬತ್ತರ ದಶಕದಲ್ಲೇ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ದೊಡ್ಡದಾಗಿ ನಡೆಸಿ ನೋಡಿದರು. ದೇಶದಲ್ಲಿ ಇಂದಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

1985ರಲ್ಲಿ ನಿಮ್ಹಾನ್ಸ್‌ನ ಡಾ. ಆರ್. ಶ್ರೀನಿವಾಸ ಮೂರ್ತಿ ಮತ್ತು ಸಂಗಡಿಗರು ಭೋಪಾಲಕ್ಕೆ ಕೊಂಡೊಯ್ದದ್ದು ಈ ಅನುಭವವನ್ನೇ. ಅನಿಲಪೀಡಿತರನ್ನು ದಿನವೂ ನೋಡುತ್ತಿದ್ದ ಸುಮಾರು 50 ವೈದ್ಯಾಧಿಕಾರಿಗಳಿಗೆ ಅವರು ತರಬೇತಿ ಕೊಟ್ಟರು. ಆ ವೈದ್ಯರಿಗಾಗಿಯೇ ಬರೆದ ಕೈಪಿಡಿ 1987ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೂಲಕ ಹೊರಬಂತು. ಎದೆನೋವು ಎಂದು ಬಂದವರನ್ನು ರಾತ್ರಿ ನಿದ್ದೆ ಹೇಗಿದೆ, ಮನೆಯಲ್ಲಿ ಯಾರನ್ನು ಕಳೆದುಕೊಂಡಿರಿ ಎಂದು ಕೇಳುವುದು ಕೂಡ ತಪಾಸಣೆಯ ಭಾಗ ಎಂದು ಕಲಿಸಿದ್ದು ಈ ತರಬೇತಿ. ದೇಹದ ಕಾಯಿಲೆ ಬೇರೆ, ಮನಸ್ಸಿನದು ಬೇರೆ ಎಂದು ಗೆರೆ ಎಳೆಯಲು ಭೋಪಾಲದಲ್ಲಿ ಸಾಧ್ಯವೇ ಇರಲಿಲ್ಲ. ಉಸಿರಾಟದ ತೊಂದರೆಯಿಂದ ಕೂಲಿಗೆ ಹೋಗಲಾಗದವನಿಗೆ ಖಿನ್ನತೆ ಬರುತ್ತದೆ. ಖಿನ್ನತೆ ಇರುವವನಿಗೆ ಪ್ರತಿ ಕೆಮ್ಮೂ ಆ ರಾತ್ರಿಯನ್ನು ನೆನಪಿಸುತ್ತದೆ. ಆಘಾತದ ನಂತರದ ಮನೋರೋಗಕ್ಕೆ ಅಮೆರಿಕದ ಮನೋವೈದ್ಯರ ಅಧಿಕೃತ ಪಟ್ಟಿಯಲ್ಲಿ ಜಾಗ ಸಿಕ್ಕಿದ್ದೇ 1980ರಲ್ಲಿ ಎಂಬುದನ್ನು ಗಮನಿಸಿದರೆ, ಐದೇ ವರ್ಷಗಳಲ್ಲಿ ನಮ್ಮ ವೈದ್ಯರು ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದು ಸಣ್ಣ ಮಾತಲ್ಲ.

ಬೆಂಗಳೂರಿಗೂ ಇಂಥ ದುಃಖದ ಪರಿಚಯ ಆಗಲೇ ಆಗಿತ್ತು. 1981ರ ಫೆಬ್ರುವರಿ 7ರಂದು ನಗರದಲ್ಲಿ ವೀನಸ್ ಸರ್ಕಸ್‌ನ ಡೇರೆಗೆ ಬೆಂಕಿ ಬಿತ್ತು. ಸತ್ತವರಲ್ಲಿ ಬಹುಪಾಲು ಮಕ್ಕಳು. ಮಕ್ಕಳನ್ನು ಕಳೆದುಕೊಂಡ ಕುಟುಂಬಗಳ ಶೋಕವನ್ನು ನಿಮ್ಹಾನ್ಸ್‌ನವರು ಅಧ್ಯಯನ ಮಾಡಿದರು. ನಮ್ಮಲ್ಲಿ ದುರಂತದ ಮನಃಪರಿಣಾಮದ ಬಗ್ಗೆ ನಡೆದ ಮೊದಮೊದಲ ಅಧ್ಯಯನಗಳಲ್ಲಿ ಅದೂ ಒಂದು.

ಆಮೇಲೆ 1999ರಲ್ಲಿ ಒಡಿಶಾದ ಮಹಾ ಚಂಡಮಾರುತ, 2001ರಲ್ಲಿ ಗುಜರಾತಿನ ಭೂಕಂಪ, 2004ರಲ್ಲಿ ಸುನಾಮಿ. ಪ್ರತಿ ಸಲವೂ ನಿಮ್ಹಾನ್ಸ್ ತಂಡಗಳು ಹೋದವು, ಪ್ರತಿ ಸಲವೂ ವಿದ್ಯೆ ಇನ್ನೊಂದು ಮೆಟ್ಟಿಲು ಕೆಳಗಿಳಿದು ಜನರ ಹತ್ತಿರ ಬಂತು. ಭೋಪಾಲದಲ್ಲಿ ತರಬೇತಿ ಪಡೆದವರು ವೈದ್ಯರು. ಒಡಿಶಾ, ಗುಜರಾತುಗಳ ಹೊತ್ತಿಗೆ ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರು, ಊರಿನ ಯುವಕ ಯುವತಿಯರು ಕಲಿಯತೊಡಗಿದರು. ಕೈಪಿಡಿಗಳು ಸ್ಥಳೀಯ ಭಾಷೆಗಳಲ್ಲಿ ಬಂದವು.

ಈ ಕೈಪಿಡಿಗಳ ತಿರುಳಲ್ಲಿ ಏಳು ಸೂತ್ರಗಳಿವೆ. ನೊಂದವರು ಮನಸ್ಸಿನಲ್ಲಿರುವುದನ್ನು ಹೊರಹಾಕಲು ಅವಕಾಶ ಕೊಡುವುದು, ಅವರ ಜಾಗದಲ್ಲಿ ನಿಂತು ನೋಡುವುದು, ಗಮನವಿಟ್ಟು ಕೇಳುವುದು ಮೊದಲ ಮೂರು. ಬಂಧುಬಳಗದ ಆಸರೆಯನ್ನು ಮತ್ತೆ ಕಟ್ಟಿಕೊಡುವುದು ನಾಲ್ಕನೆಯದು. ಶಿಬಿರದಲ್ಲಿ ಒಂದೇ ಊರಿನವರನ್ನು, ಒಂದೇ ಕೇರಿಯವರನ್ನು ಒಟ್ಟಿಗೆ ಇರಿಸುವುದಕ್ಕೆ ಎಷ್ಟು ಬೆಲೆ ಇದೆ ಎಂಬುದು ಇಲ್ಲಿ ತಿಳಿಯುತ್ತದೆ. ಐದನೆಯದು ಮನಸ್ಸನ್ನು ಕೆಲಸದ ಕಡೆ, ಆಟದ ಕಡೆ ಹೊರಳಿಸುವುದು. ಮನೆ ಕಟ್ಟುವಲ್ಲಿ, ಅಡುಗೆ ಮಾಡುವಲ್ಲಿ, ಮಕ್ಕಳಿಗೆ ಪಾಠ ಹೇಳುವಲ್ಲಿ ಸಂತ್ರಸ್ತರೇ ಕೈಜೋಡಿಸಬೇಕು. ಎಲ್ಲವನ್ನೂ ಹೊರಗಿನವರೇ ಮಾಡಿಕೊಟ್ಟರೆ ಅವರು ಇನ್ನಷ್ಟು ಕುಗ್ಗುತ್ತಾರೆ. ಕೊನೆಯ ಎರಡು ಸೂತ್ರಗಳು ದೇಹಕ್ಕೂ ಮನಸ್ಸಿಗೂ ವಿಶ್ರಾಂತಿ, ಮತ್ತು ಅವರವರ ದೇವರು, ಭಜನೆ, ಪ್ರಾರ್ಥನೆಗಳ ಆಸರೆ. ಆಧುನಿಕ ವೈದ್ಯಕೀಯ ಸಂಸ್ಥೆಯೊಂದು ಭಜನೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ಬಹಳ ಇಷ್ಟವಾದ ಸಂಗತಿ. ಜನ ಯಾವುದರಿಂದ ಚೇತರಿಸಿಕೊಳ್ಳುತ್ತಾರೋ ಅದನ್ನು ಗೌರವಿಸಿದ ನಿಲುವು ಅದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಮಾತಾಡಲು ಅವಕಾಶ ಕೊಡುವುದು ಬೇರೆ, ಮಾತಾಡಿ ಎಂದು ಬಲವಂತ ಮಾಡುವುದು ಬೇರೆ. ದುರಂತವಾದ ಒಡನೆ ಎಲ್ಲರನ್ನೂ ಕೂರಿಸಿ, ಏನಾಯಿತೆಂದು ಒಂದೇ ಸಲಕ್ಕೆ ಹೇಳಿಸುವ ಪದ್ಧತಿ ಪಶ್ಚಿಮದ ದೇಶಗಳಲ್ಲಿ ಒಂದು ಕಾಲಕ್ಕೆ ಜನಪ್ರಿಯವಾಗಿತ್ತು. ಅದರಿಂದ ಮುಂದಿನ ಮನೋರೋಗ ತಪ್ಪುವುದಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಅಧ್ಯಯನಗಳು ತೋರಿಸಿದವು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾರ್ಗದರ್ಶಿ ಮಾನಸಿಕ ಪ್ರಥಮ ಚಿಕಿತ್ಸೆಗೆ ಮೂರೇ ಹೆಜ್ಜೆ ಹೇಳುತ್ತದೆ: ನೋಡು, ಆಲಿಸು, ನೆರವಿಗೆ ಜೋಡಿಸು. ಯಾರು ತೀರಾ ಕಂಗೆಟ್ಟಿದ್ದಾರೆ ಎಂದು ಗಮನಿಸಬೇಕು. ಪಕ್ಕದಲ್ಲಿ ಕೂರಬೇಕು, ಹೇಳಿದರೆ ಕೇಳಬೇಕು, ಹೇಳದಿದ್ದರೆ ಸುಮ್ಮನಿರಬೇಕು. ನೀರು, ಹೊದಿಕೆ, ಕಳೆದುಹೋದವರ ಸುದ್ದಿ, ವೈದ್ಯರು, ಹೀಗೆ ಬೇಕಾದುದರ ಜೊತೆ ಸೇರಿಸಬೇಕು. ಮೈಕ್ ಹಿಡಿದು ಈಗ ನಿಮಗೆ ಏನನ್ನಿಸುತ್ತಿದೆ ಎಂದು ಕೇಳುವ ನಮ್ಮ ಟಿ.ವಿ. ವರದಿಗಾರರು ಇದನ್ನು ಒಮ್ಮೆಯಾದರೂ ಓದಬೇಕು. ದುರಂತಕ್ಕೆ ಸಿಕ್ಕವರಲ್ಲಿ ಹೆಚ್ಚಿನವರು ಆಸರೆ ಸಿಕ್ಕರೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ ಎಂಬುದನ್ನೂ ಮರೆಯಬಾರದು. ಹಾಗೆ ಚೇತರಿಸಿಕೊಳ್ಳಲಾಗದವರನ್ನು ಬೇಗ ಗುರುತಿಸುವುದರಲ್ಲೇ ತರಬೇತಿಯ ಬೆಲೆ ಇರುವುದು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2009ರಲ್ಲಿ ಈ ಕುರಿತು ಮಾರ್ಗಸೂಚಿ ಹೊರಡಿಸಿದೆ. ಕಾಗದದ ಮೇಲೆ ಕೊರತೆ ಇಲ್ಲ. ಅದೇ ವರ್ಷ ಉತ್ತರ ಕರ್ನಾಟಕದ ಊರುಗಳಿಗೆ ನೆರೆ ನುಗ್ಗಿತು. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು, 2019ರಲ್ಲಿ ಮತ್ತೆ ಬೆಳಗಾವಿ ಸೀಮೆ ಮುಳುಗಿತು. ಗಂಜಿ ಕೇಂದ್ರಗಳಲ್ಲಿ ಅಕ್ಕಿಗೆ, ಚಾಪೆಗೆ, ಚೆಕ್ಕಿಗೆ ಲೆಕ್ಕ ಇರುತ್ತದೆ. ರಾತ್ರಿ ನಿದ್ದೆ ಇಲ್ಲದವರು ಎಷ್ಟು ಜನ ಎಂಬ ಲೆಕ್ಕವೂ ಅದರ ಜೊತೆಗಿರಬೇಕು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಒಬ್ಬರಿಬ್ಬರು ಆಶಾ ಕಾರ್ಯಕರ್ತೆಯರಿಗೆ, ಒಬ್ಬ ಶಿಕ್ಷಕರಿಗೆ ಮಳೆಗಾಲಕ್ಕೆ ಮೊದಲೇ ಈ ತರಬೇತಿ ಕೊಟ್ಟಿಡುವುದು ದೊಡ್ಡ ಖರ್ಚಿನ ಬಾಬತ್ತಲ್ಲ. ವಿದ್ಯೆ ಹುಟ್ಟಿದ ರಾಜ್ಯಕ್ಕೆ ಅಷ್ಟು ಮಾಡುವ ಹೊಣೆ ಇದೆ.

ಭೋಪಾಲ ಕೀಟನಾಶಕದಿಂದ ಶುರುವಾದ ಕತೆ. ಒಂದಲ್ಲ ಒಂದು ಕೀಟನಾಶಕ ಇವತ್ತೂ ರೈತನ ಮನೆಯ ಮೂಲೆಯಲ್ಲಿದೆ, ಸಾಲ ಹೆಚ್ಚಿ ಕಂಗೆಟ್ಟ ಗಳಿಗೆಯಲ್ಲಿ ಕೈಗೆಟುಕುತ್ತದೆ. ಇದಕ್ಕೂ ಸಂಶೋಧನೆ ದಾರಿ ತೋರಿಸಿದೆ. ಶ್ರೀಲಂಕಾದಲ್ಲಿ 1995ರ ಹೊತ್ತಿಗೆ ಲಕ್ಷಕ್ಕೆ 47ರಷ್ಟು ಆತ್ಮಹತ್ಯೆಗಳು ಆಗುತ್ತಿದ್ದವು. ಅತಿ ವಿಷಕಾರಿ ಕೀಟನಾಶಕಗಳನ್ನು ಆ ದೇಶ ಒಂದೊಂದಾಗಿ ನಿಷೇಧಿಸಿತು. ಹತ್ತು ವರ್ಷಗಳಲ್ಲಿ ಆ ಪ್ರಮಾಣ ಅರ್ಧಕ್ಕೆ ಇಳಿಯಿತು, ಬೆಳೆಯ ಇಳುವರಿ ಕುಸಿಯಲಿಲ್ಲ. ಯಾವ ವಿಷ ಮಾರಾಟಕ್ಕಿರಬೇಕು ಎಂದು ಕೃಷಿ ಇಲಾಖೆ ತೀರ್ಮಾನಿಸುವಾಗ ಮನೋವೈದ್ಯರೂ ಆ ಮೇಜಿನ ಸುತ್ತ ಇರಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಸಕಲವಾರದ ವಿಚಾರ ಈಗ ದೂರವಾಣಿಯವರೆಗೂ ಬಂದಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ ನಿಮ್ಹಾನ್ಸ್ ಪ್ರಧಾನ ಕೇಂದ್ರ. ನೆರೆ, ಅಪಘಾತ, ಸಾವು, ಸಾಲ, ಯಾವುದರಿಂದಲೇ ಆಗಲಿ, ನೀವೋ ನಿಮ್ಮ ಮನೆಯವರೋ ನೆರೆಯವರೋ ಕಂಗೆಟ್ಟಿದ್ದರೆ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.