ಕಣ್ಕಟ್ಟು ಮತ್ತು ಕಾಸು: ದೆಹಲಿಯ ಬೀದಿ ಜಾದೂಗಾರರನ್ನು ಕುರಿತು

ಇಂದ್ರಜಾಲ, ಯಕ್ಷಿಣಿ, ಗಾರುಡಿ, ಕಣ್ಕಟ್ಟು ಎಂಬ ಶಬ್ದಗಳನ್ನು ಕನ್ನಡದಲ್ಲಿ ಒಂದರ ಬದಲಿಗೆ ಮತ್ತೊಂದನ್ನು ಪ್ರಯೋಗಿಸುವುದುಂಟು. ಇವುಗಳಲ್ಲಿ ಅಚ್ಚಗನ್ನಡದ ಕಣ್ಕಟ್ಟೆಂಬುದೇ ವಿದ್ಯೆಯ ಮರ್ಮಕ್ಕೆ ಹೆಚ್ಚು ಸಮೀಪವಾದುದು. ಆದರೆ ಬೀದಿಯ ಜಾದೂಗಾರನು ನೋಡುವವನ ಕಣ್ಣಿನೊಡನೆ ಕಾಲುಗಳನ್ನೂ ಕಟ್ಟಬೇಕಾಗುತ್ತದೆ. ಜನ ಚದುರಿದರೆ ಆಟಕ್ಕೆ ಬೆಲೆ ಕೊಡುವವರಾರು? ಈ ಎರಡನೆಯ ಕಟ್ಟು ಸಾಕಷ್ಟು ವಿಚಾರಣೆಗೆ ಒಳಗಾಗಿಲ್ಲವೆಂದು ನಮ್ಮ ಎಣಿಕೆ.

ಪಶ್ಚಿಮ ದೆಹಲಿಯ ಶಾದೀಪುರದಲ್ಲಿದ್ದ ಕಠಪುತಲಿ ಕಾಲೊನಿಯ ಜಾದೂಗಾರರು ಇದಕ್ಕೆ ಒಳ್ಳೆಯ ನಿದರ್ಶನ. ರಾಜಸ್ಥಾನದ ಸೂತ್ರದ ಬೊಂಬೆಯಾಟದವರಿಂದ ಆ ವಸತಿಗೆ ಈ ಹೆಸರು ಬಂದಿತು. ಅವರ ನೆರೆಯಲ್ಲಿ ಕಸರತ್ತಿನವರೂ ಜಾದೂಗಾರರೂ ನೆಲೆಸಿದ್ದರು. ಲೀ ಸೀಗೆಲ್ ಎಂಬ ವಿದ್ವಾಂಸರು ಅಲ್ಲಿಯ ಮುಸಲ್ಮಾನ ಜಾದೂಗಾರರೊಡನೆ ಓಡಾಡಿ ಬರೆದ ಗ್ರಂಥ 1991ರಲ್ಲಿ ಪ್ರಕಟವಾಯಿತು.

ಇವರ ಬಟ್ಟಲಾಟವನ್ನೇ ನೋಡೋಣ. ಭಾರತೀಯ ಬಟ್ಟಲಿನ ನೆತ್ತಿಯಲ್ಲಿ ಪುಟ್ಟದೊಂದು ಹಿಡಿಯಿರುತ್ತದೆ. ನೆಲದ ಮೇಲೆ ಕುಳಿತ ಆಟಗಾರನು ಆ ಹಿಡಿಯನ್ನು ಬೆರಳುಗಳ ಸಂದಿನಲ್ಲಿ ಸಿಕ್ಕಿಸಿ ಬಟ್ಟಲನ್ನೆತ್ತುತ್ತಾನೆ. ಮತ್ತೆ ಮಗುಚಿಡುವಾಗ ಕೈಯಲ್ಲಿ ಅಡಗಿದ್ದ ಬಟ್ಟೆಯ ಉಂಡೆ ಅದರಡಿಗೆ ಜಾರಿಕೊಳ್ಳುತ್ತದೆ. ಇಷ್ಟು ಹೇಳಿದ ಮಾತ್ರಕ್ಕೆ ಗುಟ್ಟು ಬಯಲಾಯಿತೆಂದು ಯಾರೂ ಹೆದರಬೇಕಾಗಿಲ್ಲ. ಕೈ ಪಳಗಲು ವರ್ಷಗಳೇ ಬೇಕು. ಜಾದೂ ಸಾಮಾನಿನ ಅಂಗಡಿಯಲ್ಲಿ ಸಾಮಾನಿನೊಡನೆ ಗುಟ್ಟೂ ಮಾರಾಟವಾಗುತ್ತದೆ. ಬೀದಿಯವರಲ್ಲಿ ಅದು ತಂದೆಯಿಂದ ಮಗನಿಗೆ, ಜಮೂರಾ ಎಂದು ಕರೆಯಲಾಗುವ ಸಹಾಯಕ ಬಾಲಕನಾಗಿದ್ದಾಗಲೇ, ದಾಟುತ್ತದೆ.

ಈ ಜಮೂರಾನ ಪಾತ್ರವೇ ಇಲ್ಲಿ ಮುಖ್ಯವಾದುದು. ಆಟದ ಕೊನೆಗೆ ಬಾಲಕನನ್ನು ಮಲಗಿಸಿ ಬಟ್ಟೆ ಹೊದಿಸುತ್ತಾರೆ. ಜಾದೂಗಾರನು ಚೂರಿಯಿಂದ ಅವನ ಕೊರಳನ್ನು ಕೊಯ್ದಂತೆ ತೋರಿಸುತ್ತಾನೆ. ಕೆಂಪು ಕಾಣುತ್ತದೆ, ಬಾಲಕ ನಿಶ್ಚೇಷ್ಟಿತನಾಗುತ್ತಾನೆ. ಆಟ ಅಲ್ಲಿಗೆ ನಿಲ್ಲುತ್ತದೆ. ನೆರೆದವರು ಕಾಸು ಹಾಕಿದ ಮೇಲೆಯೇ ಬಾಲಕ ಎದ್ದು ಕೂರುವುದು. ಅಂದರೆ ಕಾಸು ಕೇಳುವುದು ಆಟ ಮುಗಿದ ತರುವಾಯದ ಯಾಚನೆಯಲ್ಲ. ಕಥೆಯ ಒಳಗಿನ ಒಂದು ಸಂಧಿ. ಕೊಡುವವನು ತಾನೇ ಬಾಲಕನ ಜೀವ ಉಳಿಸಿದಂತೆ ಭಾವಿಸುತ್ತಾನೆ.

ಇದೇ ಭಯ ರಂಗದ ಮೇಲೂ ಉಂಟು. 1956ರ ಏಪ್ರಿಲ್ 9ರಂದು ಪಿ. ಸಿ. ಸರ್ಕಾರರು ಬಿ.ಬಿ.ಸಿ. ದೂರದರ್ಶನದಲ್ಲಿ ತರುಣಿಯೊಬ್ಬಳನ್ನು ಗರಗಸದಿಂದ ಕೊಯ್ದು ತೋರಿಸಿದರು. ಅವಳು ಮೇಲೇಳುವುದಕ್ಕೆ ಮೊದಲೇ ಕಾರ್ಯಕ್ರಮ ಹಠಾತ್ತನೆ ಮುಗಿದುದರಿಂದ, ಕಳವಳಗೊಂಡ ಪ್ರೇಕ್ಷಕರ ದೂರವಾಣಿ ಕರೆಗಳು ಮುಗಿಬಿದ್ದವು. ರಂಗದ ಜಾದೂಗಾರನಿಗೆ ಸಂಭಾವನೆ ಮೊದಲೇ ಗೊತ್ತಾಗಿರುತ್ತದೆ. ಬೀದಿಯವನಿಗೆ ಆ ಭಯದ ಗಳಿಗೆಯೇ ಟಿಕೆಟ್ಟಿನ ಕಿಟಕಿ.

ಕಾನೂನು ಈ ಭೇದವನ್ನು ಗ್ರಹಿಸಲಿಲ್ಲ. 1959ರ ಮುಂಬಯಿ ಭಿಕ್ಷಾಟನೆ ನಿಷೇಧ ಅಧಿನಿಯಮವು ಹಾಡು, ಕುಣಿತ, ಭವಿಷ್ಯ ಹೇಳುವಿಕೆ, ಪ್ರದರ್ಶನ ಇವುಗಳ ನೆಪದಿಂದ ಸಾರ್ವಜನಿಕ ಸ್ಥಳದಲ್ಲಿ ಹಣ ಬೇಡುವುದನ್ನೂ ಭಿಕ್ಷೆಯೆಂದೇ ಪರಿಗಣಿಸಿತು. ‘ನೆಪ’ವೆಂಬ ಆ ಒಂದು ಮಾತಿನಲ್ಲಿ ವಿದ್ಯೆ ಸುಳ್ಳಾಯಿತು, ಕಾಸು ಮಾತ್ರ ನಿಜವಾಯಿತು. ದೆಹಲಿಗೂ ವಿಸ್ತರಿಸಲ್ಪಟ್ಟಿದ್ದ ಈ ಅಧಿನಿಯಮದ ಅನ್ವಯ ಪೋಲೀಸರು ವಾರಂಟಿಲ್ಲದೆ ಬಂಧಿಸಬಹುದಾಗಿತ್ತು. ಭಿಕ್ಷಾಟನೆಯನ್ನು ಅಪರಾಧವಾಗಿಸುವ ವಿಧಿಗಳನ್ನು ದೆಹಲಿ ಉಚ್ಚ ನ್ಯಾಯಾಲಯ 2018ರ ಆಗಸ್ಟ್ 8ರಂದು ರದ್ದುಗೊಳಿಸಿತು. ಆದರೆ ಪುನರ್ನಿರ್ಮಾಣದ ಯೋಜನೆಗಾಗಿ ಕಠಪುತಲಿ ಕಾಲೊನಿಯನ್ನು ಅದಕ್ಕೆ ಹಿಂದಿನ ವರ್ಷವೇ, 2017ರ ಅಕ್ಟೋಬರಿನಲ್ಲಿ, ಕೆಡವಲಾಗಿತ್ತು. ನಿವಾಸಿಗಳಲ್ಲಿ ಅನೇಕರು ಆನಂದ ಪರ್ವತದ ತಾತ್ಕಾಲಿಕ ಶಿಬಿರವನ್ನು ಸೇರಿದ್ದರು.

ಕರ್ನಾಟಕದಲ್ಲಿ ಸುಡುಗಾಡು ಸಿದ್ಧರಿಗೆ ಕೈಚಳಕವು ಕುಲವಿದ್ಯೆಯಾಗಿ ಬಂದುದು. ಅವರ ಆಟವನ್ನು ದಾಖಲಿಸಹೊರಡುವ ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಬಿನ್ನಹವಿದೆ. ಚಮತ್ಕಾರವನ್ನಷ್ಟೇ ಬರೆದುಕೊಂಡು, ಕಾಸು ಕೇಳುವ ಮಾತು ಬಂದಾಗ ಲೇಖನಿಯನ್ನು ಕೆಳಗಿಡಬಾರದು.